ಮುತ್ತಿನ ಹಾರದ ಕೊನೆಯ ಅರ್ಧ ಗಂಟೆ

ಸಿನಿಮಾ ನೋಡುವುದು ಒಳ್ಳೆಯ ಅಭ್ಯಾಸವೆಂದು ಯಡ್ರಾಮಿಯ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಇಷಾ ನಮಾಜು ಮುಗಿಸಿ ಅಬ್ಬಾ ಬರುವ ಹೊತ್ತಿಗೆ ಟಿವಿ ಹಚ್ಚಿದ್ದರೆ ಅವರು ಏನೂ ಅನ್ನದೆ ಒಳಗೆ ಹೋಗಿಬಿಡುತ್ತಿದ್ದರು. ಆ ಮೌನವೇ ನಮಗೆ ಬೈಗುಳ. ಹೀಗಿದ್ದೂ ಒಂದು ಸಿನಿಮಾ ಮೂರು ದಶಕಗಳಿಂದ ನಮ್ಮ ಮನೆಮಾತಿನಲ್ಲಿ ಉಳಿದುಕೊಂಡಿದೆ. 1990ರಲ್ಲಿ ಬಂದ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’. ಕೊಡಗಿನ ಸಿಪಾಯಿಯೊಬ್ಬನಿಗೂ ಒಬ್ಬ ನರ್ಸಿಗೂ ನಡುವಿನ ಪ್ರೇಮದ ಕತೆ ಅದು. ಕೊಡಗೆಲ್ಲಿ, ನಮ್ಮ ಎರೆಮಣ್ಣಿನ ಸೀಮೆಯೆಲ್ಲಿ! ಮಂಜು ಮುಸುಕಿದ ಬೆಟ್ಟವನ್ನು ನಮ್ಮಲ್ಲಿ ಬಹಳ ಮಂದಿ ಮೊದಲು ಕಂಡದ್ದೇ ಪರದೆಯ ಮೇಲೆ. ಆದರೂ ಇಲ್ಲಿನ ಹೆಂಗಸರು ಆ ಸಿನಿಮಾವನ್ನು ತಮ್ಮದೆಂದು ನೋಡಿದರು. ಇಂದಿನ ಹುಡುಗಿಯರೂ ನೋಡುತ್ತಿದ್ದಾರೆ. ಯಾಕೆ ಎಂಬ ಪ್ರಶ್ನೆ ನಮ್ಮನ್ನು ಬಹಳ ಕಾಲದಿಂದ ಕಾಡುತ್ತಿದೆ.

ಮೊದಲು ಆ ಸಿನಿಮಾ ನಮ್ಮ ಮನೆಗೆ ಬಂದ ರಾತ್ರಿಯ ವಿಷಯ ಹೇಳಬೇಕು. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ಓಣಿಯವರೆಲ್ಲ ಪಟ್ಟಿ ಹಾಕಿ ಕಲರ್ ಟಿವಿ ಮತ್ತು ವಿಸಿಪಿ ಬಾಡಿಗೆ ತರುತ್ತಿದ್ದ ಕಾಲ ಅದು. ಒಂದು ರಾತ್ರಿಯ ಬಾಡಿಗೆಗೆ ಮೂರು ಕ್ಯಾಸೆಟ್. ಅಂಗಳದಲ್ಲಿ ಗೋಣಿತಟ್ಟು ಹಾಸಿ ಗಂಡಸರು ಒಂದು ಕಡೆ, ಹೆಂಗಸರು ಪಡಸಾಲೆಯಲ್ಲಿ. ನಮ್ಮ ದಾದಿ ಬಾಗಿಲ ಹಿಂದೆ ಕುಳಿತು ಅರ್ಧ ತೆರೆದ ಕದದ ಸಂದಿನಿಂದ ನೋಡುತ್ತಿದ್ದರು. ಮೊದಲೆರಡು ಸಿನಿಮಾ ಯಾವುವೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಮೂರನೆಯದು ‘ಮುತ್ತಿನ ಹಾರ’. ಬರ್ಮಾದ ಯುದ್ಧದಲ್ಲಿ ಗಾಯಗೊಂಡ ಅಚ್ಚಪ್ಪ, ಅವನ ಆರೈಕೆ ಮಾಡುವ ಅನ್ನಪೂರ್ಣ, ಕೊಡಗಿನ ಮದುವೆ, ಮತ್ತೆ ಯುದ್ಧ. ನಿದ್ದೆಗೆ ಜಾರುತ್ತಿದ್ದ ಮಕ್ಕಳೆಲ್ಲ ಎದ್ದು ಕುಳಿತಿದ್ದೆವು. ಇನ್ನೇನು ಅರ್ಧ ಗಂಟೆ ಉಳಿದಿರಬೇಕು, ಕರೆಂಟ್ ಹೋಯಿತು. ಒಂದು ತಾಸು ಕಾದೆವು. ಬರಲಿಲ್ಲ. ಬೆಳಿಗ್ಗೆ ಫಜರ್ ಅಜಾನ್ ಆಗುವ ಹೊತ್ತಿಗೆ ವಿಸಿಪಿಯವನು ಸಾಮಾನು ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋದ.

ಮಾರನೆಯ ದಿನ ದಾದಿ ನಮ್ಮನ್ನು ಕೂರಿಸಿಕೊಂಡು ಕೇಳಿದರು, “ಮುಂದ ಏನಾತು? ಅವ ಬಂದ್ನೇನು?” ನಮಗೂ ಗೊತ್ತಿರಲಿಲ್ಲ. ಆದರೆ ದಾದಿಯ ಮುಖ ನೋಡಿ ನಮ್ಮಲ್ಲೊಬ್ಬರು ಹೇಳಿಯೇಬಿಟ್ಟೆವು, “ಬಂದ ದಾದಿ. ಇಬ್ಬರೂ ಊರಿಗೆ ಹೋದ್ರು.” ದಾದಿ ತಲೆಯಾಡಿಸಿ, “ಹೌ, ಬರಬೇಕು” ಎಂದರು. ಅಷ್ಟಕ್ಕೇ ಮುಗಿಯಿತು. ಅದು ಸುಳ್ಳೆಂದು ನಮಗೆ ತಿಳಿದದ್ದು ಎಷ್ಟೋ ದಿನಗಳ ನಂತರ, ಕಲಬುರಗಿಯಲ್ಲಿ ಓದುತ್ತಿದ್ದ ಅಣ್ಣ ಪೂರ್ತಿ ಸಿನಿಮಾ ನೋಡಿ ಬಂದಾಗ. ಯುದ್ಧ ಆ ದಂಪತಿಯಿಂದ ಮಗನನ್ನೂ ಕಸಿಯುತ್ತದೆ, ಕತೆ ದುಃಖಾಂತ ಎಂದು ಅವನು ಹೇಳಿದ. ದಾದಿಗೆ ಹೇಳಬಾರದೆಂದು ನಾವೆಲ್ಲ ಮಾತಾಡಿಕೊಂಡೆವು.

ಒಬ್ಬ ಮುದುಕಿಯಿಂದ ಸಿನಿಮಾದ ಕೊನೆಯನ್ನು ಇಷ್ಟು ಜೋಪಾನವಾಗಿ ಬಚ್ಚಿಡುವುದಕ್ಕೆ ಕಾರಣವಿತ್ತು. ದಾದಿಗೆ ಒಬ್ಬ ಅಣ್ಣನಿದ್ದ. ನಮ್ಮ ಸೀಮೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜೇವರ್ಗಿ ಕಡೆಯ ಹಳ್ಳಿಯೊಂದರಿಂದ ಅವನು ನಿಜಾಮರ ಪಲ್ಟನ್ನು ಸೇರಿದ. ದಾದಿಗೆ ಆಗ ಒಂಬತ್ತೋ ಹತ್ತೋ ವರ್ಷ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಸಂಸ್ಥಾನದ ದಳವೊಂದನ್ನು ಮಲಯಾಕ್ಕೆ ಕಳಿಸಿದರು. 1941ರ ಡಿಸೆಂಬರ್ 8ರ ನಡುರಾತ್ರಿ ಜಪಾನೀಯರು ಅಲ್ಲಿನ ಕೋಟಾ ಬಾರು ತೀರದಲ್ಲಿ ಇಳಿದರು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳುವುದಕ್ಕೂ ಒಂದು ತಾಸು ಮೊದಲು. ಆ ಊರಿನ ವಿಮಾನ ನಿಲ್ದಾಣವನ್ನು ಕಾಯುತ್ತಿದ್ದದ್ದು 1ನೇ ಹೈದರಾಬಾದ್ ಪದಾತಿದಳ. ಅದರ ದಂಡನಾಯಕ ಅಲ್ಲೇ ಮಡಿದ. ಉಳಿದವರು ದಕ್ಷಿಣಕ್ಕೆ ಹಿಂದೆ ಸರಿದರು. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಸುಮಾರು 40 ಸಾವಿರ ಭಾರತೀಯ ಸಿಪಾಯಿಗಳು ಸೆರೆಯಾದರು. ಅವರಲ್ಲಿ ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು. ಕೆಲವರನ್ನು ನ್ಯೂಗಿನಿಯವರೆಗೆ ಹಡಗಿನಲ್ಲಿ ತುಂಬಿ ಸಾಗಿಸಿದರು. ಬದುಕಿದವರು ಯುದ್ಧ ಮುಗಿದ ಮೇಲೆ ಮರಳಿದರು.

ಇವೆಲ್ಲ ನಾವು ದೊಡ್ಡವರಾದ ಮೇಲೆ ಪುಸ್ತಕ ಓದಿ ತಿಳಿದುಕೊಂಡದ್ದು. ದಾದಿಗೆ ಗೊತ್ತಿದ್ದದ್ದು ಇಷ್ಟೇ: ಅಣ್ಣ ಹಡಗು ಹತ್ತಿದ, ಒಂದು ಮನಿಆರ್ಡರ್ ಬಂತು, ಆಮೇಲೆ ಏನೂ ಬರಲಿಲ್ಲ. ಸತ್ತನೆಂಬ ತಾರು ಬರಲಿಲ್ಲ, ಸೆರೆಯಾದನೆಂಬ ಕಾಗದ ಬರಲಿಲ್ಲ. ಅವರ ಅಮ್ಮ ಖ್ವಾಜಾ ಬಂದೇನವಾಜರ ದರ್ಗಾಕ್ಕೂ, ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೂ ಹೋಗಿ ಹರಕೆಯ ದಾರ ಕಟ್ಟಿ ಬಂದರು. ಅಷ್ಟರಲ್ಲಿ 1948ರ ಸೆಪ್ಟೆಂಬರ್ 17 ಬಂತು. ಯಾವ ಸಂಸ್ಥಾನದ ಪಲ್ಟನ್ನಿಗೆ ಅವನು ಸೇರಿದ್ದನೋ ಆ ಸಂಸ್ಥಾನವೇ ಉಳಿಯಲಿಲ್ಲ. ಆ ದಿನಗಳ ಕತೆಯೇ ಬೇರೆ. ರಜಾಕಾರರ ಹಾವಳಿ ಕಂಡವರೂ, ಆಮೇಲಿನ ಸೇಡು ಕಂಡವರೂ ನಮ್ಮ ಓಣಿಯಲ್ಲೇ ಇದ್ದರು. ಎಲ್ಲರೂ ತಮ್ಮ ಮನೆಯವರನ್ನು ಎಣಿಸಿಕೊಳ್ಳುತ್ತಿದ್ದ ಕಾಲದಲ್ಲಿ ಏಳು ವರ್ಷದ ಹಿಂದೆ ಸಮುದ್ರ ದಾಟಿದವನ ವಿಚಾರಣೆಗೆ ಯಾವ ಕಚೇರಿಯ ಬಾಗಿಲು ತಟ್ಟಬೇಕು? ಹರಕೆಯ ದಾರ ಕಟ್ಟಿದ ಅಮ್ಮ ತೀರಿಕೊಂಡರು. ಮಯ್ಯತ್ತಿನ ನಮಾಜು ಅಣ್ಣನಿಗಾಗಿ ನಡೆಯಲೇ ಇಲ್ಲ. ಸತ್ತದ್ದು ಖಚಿತವಿಲ್ಲವಲ್ಲ!

ದಾದಿ ಚಿತ್ರಮಂದಿರದಲ್ಲಿ ನೋಡಿದ್ದು ತಮ್ಮ ಬದುಕಿನಲ್ಲಿ ಒಂದೇ ಒಂದು ಸಿನಿಮಾ. 1961ರಲ್ಲಿ ಬಂದ ಹಿಂದಿಯ ‘ಹಮ್ ದೋನೋ’. ಉರುಸಿಗೆಂದು ಗುಲಬರ್ಗಾಕ್ಕೆ ಹೋದಾಗ ನಮ್ಮ ದಾದಾ ಅದೇನು ಮನಸ್ಸು ಮಾಡಿದರೋ, ಹೆಂಡತಿಯನ್ನು ಟಾಕೀಸಿಗೆ ಕರೆದುಕೊಂಡು ಹೋದರು. ಊರಿಗೆ ಬಂದ ಮೇಲೆ ಇಬ್ಬರೂ ಅದನ್ನು ಯಾರಿಗೂ ಹೇಳಲಿಲ್ಲವಂತೆ. ನಮಗೆ ಆ ಕತೆ ಹೇಳುವ ಹೊತ್ತಿಗೆ ದಾದಾ ಇರಲಿಲ್ಲ.

ಆ ಕತೆಯೂ ಬರ್ಮಾದ ರಣರಂಗದ್ದೇ. ಕೆಲಸವಿಲ್ಲದ ಆನಂದ್ ಪ್ರೀತಿಸಿದ ಹುಡುಗಿಯ ಶ್ರೀಮಂತ ತಂದೆಯಿಂದ ಅವಮಾನಗೊಂಡು ಸೈನ್ಯ ಸೇರುತ್ತಾನೆ. ಅಲ್ಲಿ ತನ್ನದೇ ಮುಖದ ಮೇಜರ್ ವರ್ಮಾ ಸಿಗುತ್ತಾನೆ. ಎರಡೂ ಪಾತ್ರ ದೇವಾನಂದರದು. ವರ್ಮಾ ಯುದ್ಧದಲ್ಲಿ ಕಾಣೆಯಾಗುತ್ತಾನೆ. ಅವನ ಮನೆಗೆ ಸುದ್ದಿ ಹೇಳಲು ಹೋದ ಆನಂದನನ್ನೇ ಮನೆಯವರು ವರ್ಮಾ ಎಂದುಕೊಳ್ಳುತ್ತಾರೆ. ಹೆಂಡತಿಯ ಹೃದಯ ದುರ್ಬಲ, ನಿಜ ಹೇಳಿದರೆ ಆಕೆ ಉಳಿಯಲಾರಳೆಂಬ ಭಯದಿಂದ ಆನಂದ್ ಬಾಯಿ ಮುಚ್ಚಿಕೊಳ್ಳುತ್ತಾನೆ. ಕೊನೆಗೆ ವರ್ಮಾ ಒಂದು ಕಾಲು ಕಳೆದುಕೊಂಡು ಮರಳುತ್ತಾನೆ. ಹೆಂಡತಿಯ ಪಾತ್ರ ನಂದಾ ಅವರದು, ಪ್ರೇಯಸಿಯ ಪಾತ್ರ ಸಾಧನಾ ಅವರದು. ಚಿತ್ರಕತೆ ವಿಜಯ್ ಆನಂದರದು, ಸಂಗೀತ ಜಯದೇವರದು, ಹಾಡುಗಳು ಸಾಹಿರ್ ಲುಧಿಯಾನ್ವಿಯವರವು. ಸಿಗರೇಟ್ ಲೈಟರಿನಿಂದ ಹೊಮ್ಮುವ ಒಂದು ಪುಟ್ಟ ನಾದ ಸಿನಿಮಾದುದ್ದಕ್ಕೂ ಹಿಂಬಾಲಿಸುತ್ತದೆ. ಯುದ್ಧದ ದಿನಗಳಲ್ಲಿ ದೇವರ ಮುಂದೆ ನಿಂತ ಹೆಂಗಸರು ಶಾಂತಿ ಬೇಡುವ ಭಜನೆಯೊಂದು ಅದರಲ್ಲಿದೆ. ಬರೆದವರು ಸಾಹಿರ್, ಹಾಡಿದವರು ಲತಾ. ದೇವರನ್ನು ಹೆಚ್ಚು ನೆನೆಯದ ಒಬ್ಬ ಉರ್ದು ಕವಿ ಬರೆದ ಆ ಪ್ರಾರ್ಥನೆ ದೇಶದ ಎಷ್ಟೋ ಶಾಲೆಗಳಲ್ಲಿ ಹಾಡಾಯಿತು.

ದಾದಿಗೆ ಇವು ಯಾವುವೂ ಮುಖ್ಯವಾಗಿರಲಿಲ್ಲ. ಕತೆ ಹೇಳುವಾಗ ಎರಡು ದೇವಾನಂದ್ ಇದ್ದರೆಂಬುದನ್ನೇ ಒಮ್ಮೊಮ್ಮೆ ಮರೆಯುತ್ತಿದ್ದರು. ಮರೆಯದೆ ಹೇಳುತ್ತಿದ್ದದ್ದು ಒಂದೇ ಮಾತು: “ಕಾಲು ಹೋದ್ರ ಹೋಗ್ಲಿ. ಬಂದ್ನಲ್ಲ.”

ಯುದ್ಧಕಾಲದ ಪ್ರೇಮದ ಚಿತ್ರ ಎಂದರೆ ನಾವು ಮೊದಲು ಹಿಡಿಯುವುದು ಪ್ರೇಮವನ್ನು ಅಥವಾ ಯುದ್ಧವನ್ನು. ಜನರನ್ನು ಎಳೆಯುವುದು ಇವೆರಡೂ ಅಲ್ಲವೇನೋ ಎಂದು ನಮಗೆ ಅನ್ನಿಸಲು ಶುರುವಾದದ್ದು ದಾದಿಯ ಈ ಮಾತಿನಿಂದಲೇ. ಬೇರೆ ಪ್ರೇಮಕತೆಗಳಲ್ಲಿ ಅಡ್ಡ ಬರುವವರು ಅಪ್ಪ, ಜಾತಿ, ದುಡ್ಡು. ಅವರ ಜೊತೆ ಜಗಳವಾಡಬಹುದು, ಓಡಿಹೋಗಬಹುದು, ಕಾಲು ಹಿಡಿಯಬಹುದು. ಯುದ್ಧದ ಜೊತೆ ಅದಾವುದೂ ನಡೆಯದು. ಅದು ಇಬ್ಬರ ಕೈಯಿಂದಲೂ ನಿರ್ಧಾರವನ್ನು ಕಿತ್ತುಕೊಳ್ಳುತ್ತದೆ. ಒಬ್ಬರು ಹೋಗುತ್ತಾರೆ, ಇನ್ನೊಬ್ಬರಿಗೆ ಸುದ್ದಿ ಇರುವುದಿಲ್ಲ. ಸುದ್ದಿ ಇಲ್ಲದ ಆ ಕಾಲವನ್ನು ಒಬ್ಬ ಮನುಷ್ಯ ಹೇಗೆ ಕಳೆಯುತ್ತಾನೆ? ನೋಡುವವರು ಹುಡುಕುವುದು ಇದನ್ನೇ. ಗುಂಡಿನ ಸದ್ದನ್ನು ಕೇಳದವರೂ ಈ ಕಾಲವನ್ನು ಬಲ್ಲರು.

‘ಮುತ್ತಿನ ಹಾರ’ದ ಬಲವೂ ದೌರ್ಬಲ್ಯವೂ ಈ ದೃಷ್ಟಿಯಿಂದ ನೋಡಿದರೆ ಸ್ಪಷ್ಟವಾಗುತ್ತವೆ. ಇತ್ತೀಚೆಗೆ ಮತ್ತೆ ನೋಡಿದಾಗ ಯುದ್ಧದ ದೃಶ್ಯಗಳು ನಮಗೆ ದಣಿವು ತಂದವು. ಆ ಕಾಲಕ್ಕೆ ದೊಡ್ಡ ಖರ್ಚಿನ, ದೊಡ್ಡ ಧೈರ್ಯದ ಕೆಲಸವೇ ಅದು. ಆದರೆ ಸ್ಫೋಟಗಳಿಗೆ ಬಲುಬೇಗ ವಯಸ್ಸಾಗುತ್ತದೆ. ಕಾಕತಾಳೀಯಗಳೂ ಸ್ವಲ್ಪ ಹೆಚ್ಚು. ವಯಸ್ಸಾಗದೆ ಉಳಿದಿರುವುದು ಎರಡು: ಸುಹಾಸಿನಿಯವರ ಮುಖ ಮತ್ತು ಬಾಲಮುರಳಿಕೃಷ್ಣರ ಕಂಠ. ಹಂಸಲೇಖ ಅವರ ರಾಗಸಂಯೋಜನೆಗೆ ಕರ್ನಾಟಕ ಸಂಗೀತದ ಅಷ್ಟು ದೊಡ್ಡ ವಿದ್ವಾಂಸರು ಬಂದು, ಸಿನಿಮಾದ ಭರಾಟೆಯೇ ಇಲ್ಲದೆ, ಒಳಗೇ ಮಾತಾಡಿಕೊಳ್ಳುವಂತೆ ಹಾಡಿದ್ದಾರೆ. ನಮ್ಮ ಓಣಿಯಲ್ಲಿ ಶಾಸ್ತ್ರೀಯ ಸಂಗೀತ ಕೇಳಿದವರು ಯಾರೂ ಇಲ್ಲ. ಆ ಹಾಡು ಬಂದರೆ ಮಾತ್ರ ರೇಡಿಯೋದ ದನಿ ಏರಿಸುತ್ತಿದ್ದರು. ವಿಷ್ಣುವರ್ಧನ್ ಮತ್ತು ಸುಹಾಸಿನಿ 1984ರಲ್ಲಿ ಇದೇ ನಿರ್ದೇಶಕರ ‘ಬಂಧನ’ದಲ್ಲಿ ಕೂಡಿ ನಟಿಸಿದ್ದರು. ಅಲ್ಲಿ ಪ್ರೇಮ ಒಂದು ಕಡೆಯದು. ಇಲ್ಲಿ ಇಬ್ಬರದೂ ಹೌದು, ಆದರೆ ಅನುಭವಿಸಲು ಬಿಡುವಿಲ್ಲ. ಎರಡೂ ಚಿತ್ರಗಳಿಗೆ ಆಯಾ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು.

ಕತೆಯನ್ನು ಕೊಡಗಿನಲ್ಲಿ ಇಟ್ಟದ್ದರಲ್ಲಿ ಬರೀ ಬೆಟ್ಟದ ಸೊಗಸಿನ ಆಸೆಯಿಲ್ಲ. ಮನೆಗೊಬ್ಬ ಸಿಪಾಯಿ ಇರುವ ನಾಡು ಅದು. ಅಲ್ಲಿ ಕಾಯುವುದು ಮನೆತನದ ರೂಢಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ 1965ರ ಯುದ್ಧದಲ್ಲಿ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದರು. ಆಗ ಅಲ್ಲಿ ಅಧಿಕಾರದಲ್ಲಿದ್ದ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಕಾರ್ಯಪ್ಪನವರನ್ನು ಹತ್ತಿರದಿಂದ ಬಲ್ಲವರು. ಮಗನಿಗೆ ವಿಶೇಷ ಸೌಲಭ್ಯ ಕೊಡುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸಿಪಾಯಿಗಳೂ ತನಗೆ ಮಕ್ಕಳೇ ಎಂದು ತಂದೆ ಅದನ್ನು ಒಲ್ಲೆನೆಂದ ಸಂಗತಿ ಪ್ರಸಿದ್ಧವಾಗಿದೆ. ಅದನ್ನು ಓದಿದಾಗ ನಮಗೆ ಹೊಳೆದದ್ದು ಆ ಸೇನಾಪತಿಯ ದೊಡ್ಡತನವೊಂದೇ ಅಲ್ಲ. ಅಷ್ಟು ದೊಡ್ಡ ಮನುಷ್ಯನೂ ಮಡಿಕೇರಿಯ ಮನೆಯಲ್ಲಿ ಕುಳಿತು ಕಾಯಲೇಬೇಕಾಯಿತಲ್ಲ! ಅವರಿಗೆ ಸುದ್ದಿಯಾದರೂ ಬಂತು. ಮಗ ಮರಳಿಯೂ ಬಂದ.

ಇನ್ನೊಂದು ಮಾತನ್ನು ಇಲ್ಲಿ ಹೇಳದೆ ಹೋದರೆ ಈ ಬರಹ ಪೂರ್ತಿ ಪ್ರಾಮಾಣಿಕವಾಗದು. 1997ರಲ್ಲಿ ‘ಬಾರ್ಡರ್’ ಬಂದಾಗ ನಮ್ಮಲ್ಲಿ ಮೂವರು ಹುಡುಗರು ಅದನ್ನು ನೋಡಲು ಪಟ್ಟಣಕ್ಕೆ ಹೋಗಿದ್ದೆವು. ಗುಂಡು ಹಾರಿದಾಗಲೆಲ್ಲ ಟಾಕೀಸಿನಲ್ಲಿ ಶಿಳ್ಳೆ. ಶತ್ರುವಿನ ಬಗ್ಗೆ ಪರದೆಯ ಮೇಲೆ ಮಾತು ಬಂದಾಗ ಹಿಂದಿನ ಸಾಲಿನವರು ಕೂಗಿದ ಕೂಗು ಪರದೆಗಾಗಿ ಮಾತ್ರ ಇರಲಿಲ್ಲ, ನಮ್ಮ ತಲೆಯ ಮೇಲಿನ ಟೋಪಿಗೂ ಇತ್ತು. ಟೋಪಿ ತೆಗೆದು ಜೇಬಿನಲ್ಲಿಟ್ಟುಕೊಂಡೆವು. ದೇಶ ಕಾಯುವ ಸಿಪಾಯಿಯ ಸಾವಿಗೆ ನಾವೂ ಕಣ್ಣೀರು ಹಾಕಲು ಹೋದವರೇ. ಆದರೆ ಕಣ್ಣೀರು ಹಾಕುವುದಕ್ಕೂ ಮೊದಲು ನಮ್ಮನ್ನು ನಾವು ಸಾಬೀತುಪಡಿಸಬೇಕಾದ ಜಾಗದಂತೆ ಅದು ಆಗಿಹೋಯಿತು. ತಮಾಷೆಯೆಂದರೆ, ಆ ಸಿನಿಮಾದಲ್ಲಿ ಇಂದಿಗೂ ಜನ ಗುನುಗುವುದು ಯುದ್ಧದ ಮಾತನ್ನಲ್ಲ, ಊರಿನಿಂದ ಬರುವ ಕಾಗದಗಳ ಕುರಿತು ಜಾವೇದ್ ಅಖ್ತರ್ ಬರೆದ ಹಾಡನ್ನು. ಆ ಹಾಡು ಬಂದಾಗ ಟಾಕೀಸು ತೆಪ್ಪಗಾಗಿತ್ತು. ಹಿಂದಿನ ಸಾಲೂ ತೆಪ್ಪಗಾಗಿತ್ತು. ನಮ್ಮ ಅಂಗಳದಲ್ಲಿ ‘ಮುತ್ತಿನ ಹಾರ’ ನೋಡಿದ ರಾತ್ರಿ ಗೌಡರ ಮನೆಯವರೂ ನಾವೂ ಒಂದೇ ಗೋಣಿತಟ್ಟಿನ ಮೇಲೆ ಕುಳಿತಿದ್ದೆವು. ಯಾರೂ ಯಾರ ಕಡೆಗೂ ತಿರುಗಿ ನೋಡಿರಲಿಲ್ಲ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾಗ ರಜೆಗೆ ಬಂದು, ಇವೆಲ್ಲಕ್ಕೂ ತಾಯಿಬೇರು ಇಲ್ಲಿದೆ ನೋಡಿ ಎಂದು ‘ಕಾಸಾಬ್ಲಾಂಕಾ’ ಹಾಕಿ ತೋರಿಸಿದ. ಇಂಗ್ಲಿಷ್ ಮಾತು ನಮಗೆ ಅರ್ಧವೇ ತಿಳಿಯಿತು, ಮುಖಗಳು ಪೂರ್ತಿ ತಿಳಿದವು. ಮೊರಾಕ್ಕೊದ ಬಂದರು ಊರಿನಲ್ಲಿ, ಹಿಟ್ಲರನಿಂದ ಓಡಿಬಂದವರು ಒಂದು ರಹದಾರಿ ಪತ್ರಕ್ಕಾಗಿ ಕಾಯುತ್ತ ಕೂರುವ ಕತೆ. 1942ರ ನವೆಂಬರ್ 26ರಂದು ನ್ಯೂಯಾರ್ಕಿನಲ್ಲಿ ಅದು ಮೊದಲು ತೆರೆ ಕಂಡಾಗ ಯುದ್ಧವನ್ನು ಯಾರು ಗೆಲ್ಲುತ್ತಾರೆಂದು ಪ್ರೇಕ್ಷಕರಿಗೆ ಗೊತ್ತಿರಲಿಲ್ಲ. ಪಾತ್ರಧಾರಿಗಳಲ್ಲಿ ಹಲವರು ನಿಜಕ್ಕೂ ಯುರೋಪಿನಿಂದ ತಪ್ಪಿಸಿಕೊಂಡು ಬಂದವರು. ಕ್ರೂರ ಜರ್ಮನ್ ಅಧಿಕಾರಿಯ ಪಾತ್ರ ಮಾಡಿದ ಕಾನ್ರಾಡ್ ಫೈಟ್ ಕೂಡ ತನ್ನ ಯಹೂದಿ ಹೆಂಡತಿಯೊಡನೆ ಜರ್ಮನಿ ಬಿಟ್ಟವರೇ. ಚಿತ್ರೀಕರಣ ನಡೆಯುತ್ತಿದ್ದಾಗಲೂ ಕತೆ ಬರೆಯುವುದು ಮುಗಿದಿರಲಿಲ್ಲ. ತಾನು ಕೊನೆಗೆ ಯಾವ ಗಂಡಸಿನೊಡನೆ ಹೋಗಬೇಕೆಂದು ತನಗೇ ಗೊತ್ತಿರಲಿಲ್ಲವೆಂದು ನಾಯಕಿ ಇಂಗ್ರಿಡ್ ಬರ್ಗ್‌ಮನ್ ಹೇಳಿಕೊಂಡಿದ್ದರು. ಆಕೆಯ ಮುಖದಲ್ಲಿ ಆ ಗೊಂದಲ ಕಾಣುತ್ತದೆ. ಅದೇ ಆ ಸಿನಿಮಾದ ಚೆಲುವು.

ನಮಗೆ ಕಸಿವಿಸಿಯಾದದ್ದು ಬೇರೆ. ಊರು ಮೊರಾಕ್ಕೊದ್ದು, ಮೊರಾಕ್ಕೊದವರು ಮಾತ್ರ ಎಲ್ಲೂ ಇಲ್ಲ! ಟೊಪ್ಪಿಗೆ ಹಾಕಿದ ವ್ಯಾಪಾರಿಗಳು, ಹಿಂದೆ ಓಡಾಡುವ ಜನ, ಅಷ್ಟೇ. ಇಡೀ ಊರನ್ನು ಕಟ್ಟಿದ್ದು ಅಮೆರಿಕೆಯ ಸ್ಟುಡಿಯೋದಲ್ಲಿ. 1912ರಿಂದ 1956ರವರೆಗೆ ಫ್ರೆಂಚರ ಕೈಕೆಳಗಿದ್ದ ಆ ದೇಶದ ಸಾವಿರಾರು ಹುಡುಗರು ಅದೇ ಯುದ್ಧದಲ್ಲಿ ಬೇರೆಯವರಿಗಾಗಿ ಹೋರಾಡಿದರು. ಅವರನ್ನು ಕಾದ ಹೆಂಗಸರ ಬಗ್ಗೆ ಆ ಪ್ರಸಿದ್ಧ ಚಿತ್ರಕ್ಕೆ ಕುತೂಹಲವಿಲ್ಲ. ನಮ್ಮ ದಾದಿಯ ಅಣ್ಣನ ಕತೆಯೂ ಅಂಥದ್ದೇ ತಾನೇ? ಆ ಯುದ್ಧಕ್ಕೆ ಭಾರತದಿಂದ 25 ಲಕ್ಷದಷ್ಟು ಸಿಪಾಯಿಗಳು ಹೋದರು, ಸುಮಾರು 87 ಸಾವಿರ ಮಂದಿ ಮಡಿದರು. ಅವರ ಕುರಿತ ಸಿನಿಮಾಗಳನ್ನು ಎಣಿಸಲು ಎರಡು ಕೈಯ ಬೆರಳು ಬೇಕಾಗಲಿಕ್ಕಿಲ್ಲ. ‘ಮುತ್ತಿನ ಹಾರ’ದ ಕುಂದುಗಳನ್ನೆಲ್ಲ ಕ್ಷಮಿಸಲು ನಮಗೆ ಇದೊಂದು ಕಾರಣ ಸಾಕು. ಬರ್ಮಾಕ್ಕೆ ಹೋದ ಒಬ್ಬ ಕನ್ನಡದ ಸಿಪಾಯಿಗೆ ಅದು ಮುಖ ಕೊಟ್ಟಿತು.

ದಾದಿ ಕೊನೆಗೂ ಆ ಸಿನಿಮಾದ ಉಳಿದ ಅರ್ಧ ಗಂಟೆಯನ್ನು ನೋಡಿದರು. ಮನೆಗೆ ಕೇಬಲ್ ಬಂದಿತ್ತು. ಒಂದು ಐತವಾರ ಮಧ್ಯಾಹ್ನ ಟಿವಿಯಲ್ಲಿ ‘ಮುತ್ತಿನ ಹಾರ’ ಹಾಕಿದರು. ನಾವು ಚಾನೆಲ್ ಬದಲಿಸಲು ಎದ್ದೆವು. ದಾದಿ, “ನಕ್ಕೋ, ಇರ್ಲಿ” ಎಂದರು. ಆಗ ಅವರಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಗೋಡೆಗೆ ಒರಗಿ ಕುಳಿತು, ಕೈಯಲ್ಲಿ ತಸ್ಬೀಹ್ ಹಿಡಿದು ಪೂರ್ತಿ ನೋಡಿದರು. ಕರೆಂಟ್ ಹೋಗಲೆಂದು ನಮ್ಮಲ್ಲಿ ಎಷ್ಟು ಮಂದಿ ದುವಾ ಮಾಡಿದೆವೋ! ಅಂದು ಕರೆಂಟ್ ಹೋಗಲಿಲ್ಲ. ಸಿನಿಮಾ ಮುಗಿದಾಗ ಯಾರೂ ಮಾತಾಡಲಿಲ್ಲ. ನಾವು ಹೇಳಿದ ಸುಳ್ಳು ನಡುಮನೆಯಲ್ಲಿ ಬಂದು ಕುಳಿತಂತಿತ್ತು. ಪಕ್ಕದ ಮನೆಯ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಹಿಂಗ್ಯಾಕ ಮಾಡ್ಯಾರವಾ, ಒಬ್ರನ್ನರ ಉಳಸಬಾರ್ದಾ” ಎಂದರು.

ದಾದಿ ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಏನಾತಂತ ಗೊತ್ತಾತಲ್ಲ” ಎಂದರು.

ನಮ್ಮ ಕಡೆ ನೋಡಿ ಮತ್ತೆ ಹೇಳಿದರು, “ನೀವು ಅವತ್ತು ಹೇಳಿದ್ದು ಸುಳ್ಳಂತ ನನಗ ಗೊತ್ತಿತ್ತು. ಮಕ್ಕಳು ಹೇಳ್ಯಾವಂತ ಸುಮ್ಮನಿದ್ದೆ.”

ಅಲ್ಲಿಯವರೆಗೆ ನಾವು ತಿಳಿದದ್ದು, ಇಂಥ ಚಿತ್ರಗಳು ಜನರಿಗೆ ಆಸೆ ಕೊಡುತ್ತವೆ, ಕಳೆದುಹೋದವರು ಬಂದೇ ಬರುತ್ತಾರೆಂದು ಸಮಾಧಾನ ಹೇಳುತ್ತವೆ, ಅದಕ್ಕೇ ಉಳಿದಿವೆ ಎಂದು. ‘ಹಮ್ ದೋನೋ’ ದಾದಿಗೆ ಕೊಟ್ಟದ್ದು ಆ ಸಮಾಧಾನವೇ. ‘ಮುತ್ತಿನ ಹಾರ’ ಕೊಟ್ಟದ್ದು ಬೇರೆ. ಅದರಲ್ಲಿ ಯಾರೂ ಉಳಿಯದಿದ್ದರೂ ನೋಡುವವರಿಗೆ ಏನಾಯಿತೆಂದು ತಿಳಿಯುತ್ತದೆ. ನಿಜವಾದ ಯುದ್ಧ ಬಹಳ ಮನೆಗಳಿಗೆ ಅಷ್ಟನ್ನೂ ಕೊಡುವುದಿಲ್ಲ. ಅರವತ್ತು ವರ್ಷ ಏನೂ ತಿಳಿಯದೆ ಕುಳಿತವರಿಗೆ ಸತ್ತ ಸುದ್ದಿಯೂ ಒಂದು ಸುದ್ದಿಯೇ. ಇದು ಕೇಳಲು ಕಠಿಣವಾದ ಮಾತು. ದಾದಿ ಮಾತ್ರ ಅದನ್ನು ಅಡಕೆ ಕತ್ತರಿಸುತ್ತ ಹೇಳಿದ್ದರು. 2011ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ದಾದಿಯ ಕಾಲದವರಿಗೆ ಸರಿ, ಇಂದಿನವರಿಗೆ ಇದರಲ್ಲೇನಿದೆ? ಅಂಗೈಯಲ್ಲಿ ಫೋನಿದೆ, ಸಂದೇಶ ತಲುಪಿತೋ ಇಲ್ಲವೋ ಎಂಬುದಕ್ಕೂ ಗುರುತು ಬರುತ್ತದೆ. ನಾವೂ ಹೀಗೇ ಅಂದುಕೊಂಡಿದ್ದೆವು, 2020ರವರೆಗೆ. ಆ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲೇ. ಹಿಂದೆಯೇ ಲಾಕ್‌ಡೌನ್. ನಮ್ಮ ಭಾಗದಿಂದ ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋದವರಿಗೆ ಲೆಕ್ಕವಿಲ್ಲ. ನಮ್ಮ ತಮ್ಮನ ಮಗ ಮುಂಬೈಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಮದುವೆಯಾಗಿ ಎಂಟು ತಿಂಗಳು. ಸೊಸೆ ಯಡ್ರಾಮಿಯಲ್ಲಿ. ಊರಿಗೆ ಹೊರಟಿದ್ದೇನೆಂದು ಹೇಳಿದ ಮೇಲೆ ಅವನ ಫೋನು ನಾಲ್ಕು ದಿನ ಸ್ವಿಚ್ ಆಫ್. ಟಿವಿಯಲ್ಲಿ ಹೆದ್ದಾರಿಯ ಮೇಲೆ ನಡೆದು ಬರುವವರ ಚಿತ್ರ. ಆ ನಾಲ್ಕು ದಿನ ಮನೆಯಲ್ಲಿ ಯಾರೂ ಟಿವಿ ಹಚ್ಚಬೇಡಿರೆಂದು ಅಬ್ಬಾ ಹೇಳಿದರು.

ಸೊಸೆ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದಳು. ಯಾವುದೆಂದು ಕೇಳಿದರೆ ‘ಮುತ್ತಿನ ಹಾರ’! ನಾವು ಗಾಬರಿಯಾದೆವು. ಇಂಥ ಹೊತ್ತಿನಲ್ಲಿ ಅದನ್ಯಾಕವ್ವ ನೋಡುತ್ತೀ ಎಂದೆವು. ಆ ಸಿನಿಮಾ ಬಂದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಹುಡುಗಿ ಅವಳು. ಹೇಳಿದಳು, “ಆಕಿ ಸುಮ್ಮ ಕೂತು ಅಳಂಗಿಲ್ಲ ನೋಡ್ರಿ. ಆಕಿ ನರ್ಸ್, ಆಕಿಗೊಂದು ಕೆಲಸ ಐತಿ. ಕಾಯಾಕೂ ಒಂದು ಕೆಲಸ ಬೇಕು.”

ಈ ಮಾತು ನಮಗೆ ಹೊಳೆದೇ ಇರಲಿಲ್ಲ. ಅಷ್ಟು ಸಲ ನೋಡಿದರೂ ನಾವು ಅನ್ನಪೂರ್ಣಳನ್ನು ಅಚ್ಚಪ್ಪನ ಹೆಂಡತಿಯೆಂದೇ ಕಂಡಿದ್ದೆವು. ಅವಳು ಯುದ್ಧಕ್ಕೆ ಅಚ್ಚಪ್ಪನಷ್ಟೇ ಹತ್ತಿರವಿದ್ದವಳು, ಬೇರೆಯವರ ಗಂಡಂದಿರ ಗಾಯಕ್ಕೆ ಪಟ್ಟಿ ಕಟ್ಟಿದವಳು. ನಂತರ ಆ ಹುಡುಗಿಗೆ ‘ಹಮ್ ದೋನೋ’ ಕತೆಯನ್ನೂ ಹೇಳಿದೆವು. ಅದರ ಯುಗಳಗೀತೆಯೊಂದು, ಹೊರಟು ನಿಂತ ಪ್ರೇಯಸಿಯನ್ನು ಇನ್ನಷ್ಟು ಹೊತ್ತು ಇರೆಂದು ತಡೆಯುವ ಆ ರಫಿ-ಆಶಾ ಹಾಡು, 2023ರ ಕರಣ್ ಜೋಹರ್ ಸಿನಿಮಾದಲ್ಲಿ ಮತ್ತೆ ಬಂದದ್ದರಿಂದ ಅವಳಿಗೆ ಬಾಯಿಪಾಠವಾಗಿತ್ತು. ಕತೆ ಮಾತ್ರ ಹಿಡಿಸಲಿಲ್ಲ. “ಆಕಿ ಗಂಡ ಕಾಣೆ ಆಗ್ಯಾನಂತ ಆಕಿಗೇ ಹೇಳ್ಲಿಲ್ಲಂದ್ರ ಹ್ಯಾಂಗ? ಆಕಿ ತಡ್ಕೊಂತಾಳೋ ಇಲ್ಲೋ ಅನ್ನೋದು ಆಕಿನ್ನ ಕೇಳಬೇಕಿತ್ತು” ಎಂದಳು. ದಾದಿಗೆ ನಾವು ಹೇಳಿದ ಸುಳ್ಳಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹುಡುಗ ಬಂದ. ಲಾರಿಯಲ್ಲಿ ಸ್ವಲ್ಪ ದೂರ, ನಡೆದು ಸ್ವಲ್ಪ ದೂರ. ಚಾರ್ಜ್ ಮಾಡಲು ಜಾಗವಿಲ್ಲದೆ ಫೋನು ಸತ್ತಿತ್ತು, ಅಷ್ಟೇ. ಹೊರಗಿನಿಂದ ಬಂದವರನ್ನು ಹದಿನಾಲ್ಕು ದಿನ ಶಾಲೆಯಲ್ಲಿ ಇಡುತ್ತಿದ್ದರು. ಸೊಸೆ ಬುತ್ತಿ ಕಟ್ಟಿಕೊಂಡು ಹೋಗಿ ಗೇಟಿನ ಹೊರಗೆ ನಿಂತು, ಅವನು ಕಿಟಕಿಯಿಂದ ಕೈ ಎತ್ತುವುದನ್ನು ನೋಡಿ ಬರುತ್ತಿದ್ದಳು.

ಅವಳ ಮಾತು ಕೇಳಿದ ಮೇಲೆ ನಾವು ಬಹಳ ಹಿಂದೆಯೇ ಮಾಡಬೇಕಿದ್ದ ಕೆಲಸವೊಂದನ್ನು ಮಾಡಿದೆವು. ಸಿಂಗಾಪುರದ ಕ್ರಾಂಜಿಯಲ್ಲಿ ಒಂದು ಯುದ್ಧ ಸ್ಮಾರಕವಿದೆ. ಗೋರಿಯ ಗುರುತೂ ಸಿಗದ 24 ಸಾವಿರಕ್ಕೂ ಹೆಚ್ಚು ಸಿಪಾಯಿಗಳ ಹೆಸರು ಅದರ ಕಂಬಗಳ ಮೇಲೆ ಕೊರೆಯಲಾಗಿದೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಬಹುದು. ಅಕ್ಕನ ಮಗ ಹುಡುಕಿಕೊಟ್ಟ. ದಾದಿಯ ಅಣ್ಣನದು ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಮಂದಿಗಿರುವ ಹೆಸರು. ಪಟ್ಟಿಯಲ್ಲೂ ಹತ್ತಕ್ಕೂ ಹೆಚ್ಚು ಸಿಕ್ಕಿತು. ಕೆಲವರ ಮುಂದೆ ತಂದೆಯ ಹೆಸರಿದೆ, ಕೆಲವರ ಮುಂದೆ ಊರಿದೆ, ಕೆಲವರ ಮುಂದೆ ನಂಬರು ಬಿಟ್ಟರೆ ಏನೂ ಇಲ್ಲ. ಜೇವರ್ಗಿ ಎಂದು ಯಾರ ಮುಂದೆಯೂ ಇಲ್ಲ. ಏನೂ ಇಲ್ಲದವರು ಮೂವರು. ಆ ಹಾಳೆಯನ್ನು ಪ್ರಿಂಟ್ ತೆಗೆಸಿ, ದಾದಿಯ ತಗಡಿನ ಪೆಟ್ಟಿಗೆಯಲ್ಲಿ, ಮನಿಆರ್ಡರಿನ ಚೀಟಿ ಇರುವ ಬಟ್ಟೆಗಂಟಿನ ಜೊತೆಗೆ ಇಟ್ಟಿದ್ದೇವೆ. ಆ ಮೂವರಿಗೂ ಸೇರಿಸಿಯೇ ಫಾತಿಹಾ ಓದಿದೆವು.